ಹೆಸರಿನ ಮುಂದೆ ‘ಡಾ.’ ಬರುವ ಮುನ್ನ

ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ ಬಿಡುವವರು ಒಂದು ಫಾರಂ ತುಂಬಬೇಕು. ಅದರಲ್ಲಿ ‘ಕಾರಣ’ ಅಂತ ಒಂದು ಸಾಲಿದೆ. ಹೆಚ್ಚಿನ ಫಾರಂಗಳಲ್ಲಿ ಅಲ್ಲಿರುವುದು ಒಂದೇ ಉತ್ತರ: ‘ವೈಯಕ್ತಿಕ’. ಎಚ್‌ಆರ್ ವಿಭಾಗದಲ್ಲಿ ಕೂತು ಏಳು ವರ್ಷ ಅವಕ್ಕೆ ಸಹಿ ಹಾಕಿ ಫೈಲಿಗೆ ಸೇರಿಸಿದ್ದು ನಾನೇ.

ಎರಡು ವರ್ಷಗಳ ಹಿಂದೆ, ಕೆಲಸ ಬಿಡದೆಯೇ ಡಿಬಿಎ ಸೇರಿದೆ. ಅಂದರೆ ಡಾಕ್ಟರ್ ಆಫ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್. ಪಿಎಚ್.ಡಿ. ಹೆಚ್ಚಾಗಿ ಸಿದ್ಧಾಂತದ ಕಡೆ ಮುಖ ಮಾಡಿದರೆ, ಇದು ನಾವು ದಿನವೂ ಮಾಡುವ ಕೆಲಸದೊಳಗಿನ ಸಮಸ್ಯೆಯನ್ನೇ ಸಂಶೋಧನೆಯ ವಿಷಯವಾಗಿಸುತ್ತದೆ. ನಿಜ ಹೇಳಬೇಕೆಂದರೆ, ನಾನು ಸೇರಿದ್ದು ಸಂಶೋಧನೆಯ ಹಂಬಲದಿಂದಲ್ಲ. ಹೆಸರಿನ ಮುಂದೆ ‘ಡಾ.’ ಬಂದರೆ ಬಡ್ತಿ ಸಿಕ್ಕೀತು ಎಂಬ ಲೆಕ್ಕಾಚಾರ ಅಷ್ಟೆ.

ಮಾರ್ಗದರ್ಶಕರು ಮೊದಲ ದಿನವೇ ಕೇಳಿದರು: ‘ನಿಮ್ಮ ಕೆಲಸದಲ್ಲಿ ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಯಾವುದು?’ ನಾನು ತಡವರಿಸಿದೆ. ಆಫೀಸಿನಲ್ಲಿ ಸಂಬಳ ಬರುವುದೇ ಉತ್ತರ ಗೊತ್ತಿದೆ ಎಂದು ತೋರಿಸಿಕೊಳ್ಳುವುದಕ್ಕೆ. ಮೂರು ತಿಂಗಳು ತಲೆ ಕೆರೆದುಕೊಂಡ ಮೇಲೆ ಆ ಫಾರಂ ನೆನಪಾಯಿತು. ಸೇರಿದ ಮೂರೇ ತಿಂಗಳಲ್ಲಿ ಹೆಣ್ಣುಮಕ್ಕಳು ಕೆಲಸ ಬಿಡುವುದು ಯಾಕೆ?

ಉತ್ಸಾಹದಿಂದ ಐದಾರು ಜನರನ್ನು ಕ್ಯಾಬಿನ್‌ಗೆ ಕರೆದು ಕೇಳಿದೆ. ಎಲ್ಲರದ್ದೂ ಒಂದೇ ಮಾತು, ‘ಏನೂ ತೊಂದ್ರೆ ಇಲ್ಲ ಸರ್’. ಆ ಬರಹವನ್ನು ನೋಡಿದ ಮಾರ್ಗದರ್ಶಕರು ಪಕ್ಕಕ್ಕಿಟ್ಟರು. ರಜೆ, ಸಂಬಳ ಎಲ್ಲಕ್ಕೂ ಸಹಿ ಹಾಕುವವನ ಎದುರು ಕೂತು ಯಾರು ನಿಜ ಹೇಳುತ್ತಾರೆ? ಕೆಲಸ ಮಾಡುತ್ತಲೇ ಸಂಶೋಧನೆ ಮಾಡುವವರ ದೊಡ್ಡ ಕಷ್ಟ ಸಮಯದ ಅಭಾವವಲ್ಲ, ಇದು. ಆಮೇಲೆ ನಮ್ಮ ಕಂಪನಿಗೆ ಸಂಬಂಧವೇ ಇಲ್ಲದ ಸಹಪಾಠಿಯೊಬ್ಬರು ಭಾನುವಾರಗಳಂದು ಅವರ ಮನೆಗಳಿಗೇ ಹೋಗಿ ಮಾತಾಡಿಸಿದರು. ನನ್ನ ಕೈಗೆ ಬಂದದ್ದು ಹೆಸರಿಲ್ಲದ ಬರಹ ಮಾತ್ರ.

ಅದರಲ್ಲಿ ಮತ್ತೆ ಮತ್ತೆ ಬಂದದ್ದು ಸಂಬಳದ ಮಾತಲ್ಲ. ಸಂಜೆ ಓ.ಟಿ. ಇದೆ ಎಂದು ನಾಲ್ಕು ಗಂಟೆಗೆ ಹೇಳುತ್ತಾರೆ, ಶಾಲೆಯಿಂದ ಬಂದ ಮಗು ಬೀಗ ಹಾಕಿದ ಬಾಗಿಲ ಮುಂದೆ ಕೂತಿರುತ್ತದೆ ಎಂಬ ಮಾತು. ಕಾನೂನಿನ ಪ್ರಕಾರ ನಮ್ಮಲ್ಲಿ ಶಿಶುವಿಹಾರ ಇದೆ. ಆದರೆ ಆ ಕಾನೂನು ಹೇಳುವುದು ಆರು ವರ್ಷದೊಳಗಿನ ಮಕ್ಕಳ ಬಗ್ಗೆ. ಏಳು ವರ್ಷದ ಮಗು ಎಲ್ಲಿರಬೇಕು? ‘ವೈಯಕ್ತಿಕ’ ಎಂಬ ಪದದ ಹಿಂದೆ ನಾವೇ ಮಾಡಿದ ವೇಳಾಪಟ್ಟಿ ಇತ್ತು.

ಓದುತ್ತಾ ಹೋದಾಗ ಅಮೆರಿಕದ ವರ್ಜೀನಿಯಾದ ಹಾರ್ವುಡ್ ಎಂಬ ಪೈಜಾಮ ಕಾರ್ಖಾನೆಯ ಅಧ್ಯಯನ ಸಿಕ್ಕಿತು. 1948ರಲ್ಲಿ ಪ್ರಕಟವಾದ ಅದರ ಲೇಖಕರಲ್ಲಿ ಒಬ್ಬರಾದ ಲೆಸ್ಟರ್ ಕೋಚ್ ಅದೇ ಕಾರ್ಖಾನೆಯ ಸಿಬ್ಬಂದಿ ವ್ಯವಸ್ಥಾಪಕರು, ಅಂದರೆ ನನ್ನಂಥವರೇ! ಕೆಲಸದ ವಿಧಾನ ಬದಲಿಸುವಾಗ ಕಾರ್ಮಿಕರನ್ನು ಕೇಳದೆ ಹೇರಿದ ಗುಂಪಿನಲ್ಲಿ 40 ದಿನಗಳಲ್ಲಿ ಶೇ 17ರಷ್ಟು ಮಂದಿ ಕೆಲಸ ಬಿಟ್ಟರು. ಅವರನ್ನೂ ಸೇರಿಸಿಕೊಂಡು ತೀರ್ಮಾನಿಸಿದ ಗುಂಪುಗಳಲ್ಲಿ ಆ ಅವಧಿಯಲ್ಲಿ ಯಾರೂ ಬಿಡಲಿಲ್ಲ. ನಮ್ಮಲ್ಲೂ ಪಿಎಫ್ ಹಿಂಪಡೆಯುವ ನಿಯಮ ಬದಲಿಸಿದಾಗ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ರಸ್ತೆಗಿಳಿದರು, ಸರ್ಕಾರ ಆ ನಿಯಮ ಕೈಬಿಟ್ಟಿತು. ಮೊದಲೇ ಕೇಳಿದ್ದರೆ ಅಷ್ಟು ದೂರ ಹೋಗುತ್ತಿತ್ತೇ?

ಈಗ ಪದವಿ ಮುಗಿಸುತ್ತಿರುವ ಗೆಳೆಯರು ಕೇಳುತ್ತಾರೆ, ‘ಎಂಬಿಎ ಆದ ತಕ್ಷಣ ಡಿಬಿಎ ಮಾಡಲಾ?’ ಬೇಡ ಎನ್ನುತ್ತೇನೆ. ಮೊದಲು ಕೆಲಸಕ್ಕೆ ಸೇರಿ, ಎಡವಿ, ನಿದ್ದೆಗೆಡಿಸುವ ಒಂದು ಪ್ರಶ್ನೆ ಸಂಪಾದಿಸಿ. ಕಾಲೇಜಿನಲ್ಲಿ ಪಾಠ ಮಾಡುವ ಕನಸಿದ್ದರೆ ನೆಟ್, ಕೆ-ಸೆಟ್, ಪಿಎಚ್.ಡಿ.ಯ ದಾರಿ ಹಿಡಿಯಿರಿ. ಯುಜಿಸಿಯ 2022ರ ನಿಯಮದ ಪ್ರಕಾರ ಉದ್ಯೋಗದಲ್ಲಿದ್ದವರು ಸಂಸ್ಥೆಯ ನಿರಾಕ್ಷೇಪಣಾ ಪತ್ರ ಕೊಟ್ಟು ಅರೆಕಾಲಿಕ ಪಿಎಚ್.ಡಿ. ಮಾಡಬಹುದು. ವಿದೇಶಿ ಸಂಸ್ಥೆಗಳ ಜೊತೆ ಸೇರಿ ಎಡ್‌ಟೆಕ್ ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲವೆಂದು ಯುಜಿಸಿ ಮತ್ತು ಎಐಸಿಟಿಇ ಅದೇ ವರ್ಷ ಎಚ್ಚರಿಸಿವೆ. ‘ಮನೆಯಲ್ಲೇ ಕೂತು ಡಾಕ್ಟರೇಟ್’ ಎಂಬ ಜಾಹೀರಾತು ಕಂಡಾಗ ಅದು ನೆನಪಿರಲಿ. ಡಿಬಿಎಗೂ ಶುಲ್ಕ ಕಟ್ಟುವ ಮುನ್ನ, ಕೊಡುವ ಸಂಸ್ಥೆ ಯಾವುದು, ಆ ಪದವಿ ನಿಮ್ಮ ಗುರಿಗೆ ಸಲ್ಲುತ್ತದೆಯೇ ಎಂದು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.

ನನ್ನ ಪ್ರಬಂಧ ಇನ್ನೂ ಅರ್ಧಕ್ಕಿದೆ, ಬಡ್ತಿಯ ಸುದ್ದಿಯಿಲ್ಲ. ನನ್ನ ವರದಿ ಓದಿದ ಮೇಲಧಿಕಾರಿಗಳ ಮುಖ ಗಂಟಿಕ್ಕಿತ್ತು. ಬಹಳ ಮಾತುಕತೆಯ ನಂತರ ಒಂದು ಲೈನಿಗೆ ಮಾತ್ರ ಒಪ್ಪಿದರು. ಅಲ್ಲೀಗ ಸಂಜೆಯ ಓ.ಟಿ. ಇದ್ದರೆ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲೇ ಬೋರ್ಡಿನಲ್ಲಿ ಬರೆಯುತ್ತಾರೆ. ಅದರಿಂದ ಎಷ್ಟು ಜನ ಉಳಿದರು ಎಂದು ಹೇಳಲು ಇನ್ನೂ ಆರು ತಿಂಗಳು ಬೇಕು. ಮೊದಲಾಗಿದ್ದರೆ ಈಗಲೇ ಹೇಳಿಬಿಡುತ್ತಿದ್ದೆ. ಈಗ ಕಾಯುತ್ತಿದ್ದೇನೆ.