ಅನ್ನದೊಡನೆ ಅರಿವೂ ಬೇಕು

ಬಡವರ ಹಸಿವನ್ನು ನೀಗಿಸುವುದು ರಾಜ್ಯದ ಧರ್ಮವೆಂಬುದನ್ನು ಯಾರೂ ಅಲ್ಲಗಳೆಯರು. ಪ್ರಜೆಗಳ ಪೋಷಣೆಯ ಮಟ್ಟವನ್ನು ಏರಿಸುವುದು ಸರಕಾರದ ಮೊದಲ ಕರ್ತವ್ಯಗಳಲ್ಲೊಂದೆಂದು ನಮ್ಮ ಸಂವಿಧಾನದ 47ನೆಯ ವಿಧಿಯೇ ಸಾರುತ್ತಿದೆ. 1975ನೆಯ ಇಸವಿ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ನಮ್ಮ ನಾಡಿನಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ ಕಾಲಿಟ್ಟಿತು. ಅದರ ಆರು ಸೇವೆಗಳಲ್ಲಿ ತಾಯಂದಿರಿಗೆ ಆಹಾರ, ಆರೋಗ್ಯಗಳ ಶಿಕ್ಷಣವೂ ಒಂದು. 2017ರಲ್ಲಿ ಬಂದ ಮಾತೃಪೂರ್ಣ ಯೋಜನೆಯಿಂದ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ದೊರೆಯುವಂತಾಯಿತು. ಇವೆಲ್ಲವೂ ಸ್ತುತ್ಯವಾದುವೇ.

ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 47.8 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿರಲಿಲ್ಲ. ಇದಕ್ಕೆ ಬಡತನವು ಮೊದಲನೆಯ ಕಾರಣ. ಅರಿವಿನ ಕೊರತೆಯೂ ಒಂದು ಕಾರಣ.

ನಮ್ಮ ಸೀಮೆಯನ್ನೇ ನೋಡೋಣ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ ಹೊಲಗಳಲ್ಲಿ ರಾಗಿ, ಸಾವೆ, ಶೇಂಗಾ, ಕಡಲೆಗಳು ಬೆಳೆಯುವುವು, ಹಿತ್ತಿಲಲ್ಲಿ ನುಗ್ಗೆಯುಂಟು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕ ಸುಣ್ಣದ ಅಂಶವಿದ್ದರೆ, ಅಷ್ಟೇ ಪಾಲಿಷ್ ಅಕ್ಕಿಯಲ್ಲಿ ಅದು ಸುಮಾರು 10 ಮಿಲಿಗ್ರಾಂ ಮಾತ್ರ. ಊಟದೊಡನೆ ಕುಡಿದ ಚಹವು ಸೊಪ್ಪು ಕಾಳುಗಳ ಕಬ್ಬಿಣವು ಮೈಗೆ ಹತ್ತುವುದನ್ನು ತಡೆಯುವುದು. ನಿಂಬೆಯ ರಸವು ಅದಕ್ಕೆ ನೆರವಾಗುವುದು. ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನೊಡನೆ ಮೆತ್ತಗಿನ ಆಹಾರವನ್ನೂ ಉಣಿಸಬೇಕು. ಇವುಗಳನ್ನು ತಿಳಿಯಲು ಹಣ ಬೇಡ. ಮನೆಮನೆಗೆ ತಿಳಿಸಲು ಬೇಕು.

ಹಸಿದವಳಿಗೆ ಉಪದೇಶವೇಕೆ ಎಂದು ಕೆಲವರು ಕೇಳುವರು. ಮಾತು ನಿಜ, ಬರಿದಾದ ಗಡಿಗೆಯ ಮುಂದೆ ಪಾಠ ಹೇಳುವುದು ನಿಷ್ಕರುಣೆಯೇ ಸರಿ. ಆದುದರಿಂದ ಅನ್ನದ ಹಣವನ್ನು ಕಡಿದು ಅರಿವಿಗೆ ಕೊಡಿರೆಂದು ನಾವು ಹೇಳುವುದಿಲ್ಲ. ಅರಿವಿಗಾಗಿ ಪ್ರತಿ ತಾಲ್ಲೂಕಿಗೂ ಬೇರೆಯೇ ಮೊತ್ತವನ್ನು ಗೊತ್ತುಮಾಡಿರೆಂದು ಬಿನ್ನವಿಸುತ್ತೇವೆ. ಪಡಿತರದ ಅಕ್ಕಿ, ಹಿತ್ತಿಲ ಸೊಪ್ಪು, ಒಂದು ಹಿಡಿ ಶೇಂಗಾ, ಇಷ್ಟರಿಂದಲೇ ಅಡುಗೆ ಮಾಡಿ ತೋರಿಸುವವರು ಬೇಕು. ಅವರಿಗೆ ಸಂಬಳ, ಪಾತ್ರೆ ಪದಾರ್ಥ, ಪ್ರಯಾಣದ ವೆಚ್ಚಗಳು ದೊರೆಯಬೇಕು. ಮಕ್ಕಳ ಪಾಲನೆ, ಊಟ, ಲೆಕ್ಕಪತ್ರಗಳ ಭಾರವನ್ನು ಹೊತ್ತ ಅಂಗನವಾಡಿ ಕಾರ್ಯಕರ್ತೆಯ ಹೆಗಲಿಗೇ ಇದನ್ನೂ ಹೇರುವುದು ನ್ಯಾಯವಲ್ಲ. ಕೂಲಿಗೆ ಹೋಗುವ ತಾಯಿ ಬರಬೇಕಾದರೆ ಪಾಠವು ಸಂಜೆಯ ಹೊತ್ತು ನಡೆಯತಕ್ಕದ್ದು. ಸಂತೆಯ ಹಣವು ಎಷ್ಟೋ ಮನೆಗಳಲ್ಲಿ ಗಂಡನ ಅಥವಾ ಅತ್ತೆಯ ಕೈಯಲ್ಲಿರುವುದರಿಂದ ಅವರೂ ಬಂದು ಕೇಳಬೇಕು.

ಹೆಣ್ಣುಮಕ್ಕಳ ಶಾಲೆಗಳಿಗೂ ಇದರಲ್ಲಿ ಪಾಲುಂಟು. ಇಂದು ಇಲ್ಲಿ ಓದುವ ಬಾಲಿಕೆಯರು ನಾಳೆ ತಾಯಂದಿರು, ಉಪಾಧ್ಯಾಯಿನಿಯರು, ದಾದಿಯರು. ಸೋದರಿಯರೇ, ನೀವು ಕಲಿತುದನ್ನು ನಿಮ್ಮ ಕೇರಿಯ ಒಂದು ಮನೆಗಾದರೂ ಮುಟ್ಟಿಸಿರಿ. ಆದರೆ ನಿಮ್ಮ ಸೇವೆಯನ್ನು ನೆಪಮಾಡಿಕೊಂಡು ಸರಕಾರದವರು ತಮ್ಮ ಹೊಣೆಯಿಂದ ಜಾರಿಕೊಳ್ಳಬಾರದು.