ರಜಾ ಚೀಟಿಯಲ್ಲಿ ರೋಗದ ಹೆಸರು ಯಾಕೆ?



ನಮ್ಮ ಕೇರಿಯ ಕಾಕಾ ಒಬ್ಬರು ಒಂದು ಕಚೇರಿಯಲ್ಲಿ ಸಿಪಾಯಿ. ಊರಿನ ಹೆಸರು ಬೇಡ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಯಾವುದಾದರೂ ಆದೀತು. ಅವರಿಗೆ ಟಿಬಿ ಆಯಿತು. ದವಾಖಾನೆಗೆ ತೋರಿಸಿದರು, ಗುಳಿಗೆ ಸುರುವಾದವು, ಎರಡು ತಿಂಗಳ ರಜಾ ಬೇಕಾಯಿತು. ಡಾಕ್ಟರು ಸರ್ಟಿಫಿಕೇಟು ಬರೆದುಕೊಟ್ಟರು. ಅದರಲ್ಲಿ ರೋಗದ ಹೆಸರಿತ್ತು. ಕಾಕಾ ಅದನ್ನು ನಾಲ್ಕು ಮಡಿಕೆ ಮಾಡಿ ಒಯ್ದು ಹೆಡ್ ಕ್ಲಾರ್ಕರ ಕೈಗೆ ಕೊಟ್ಟರು. ಹೆಡ್ ಕ್ಲಾರ್ಕರು ಬಿಚ್ಚಿ ಓದಿದರು. ಓದಿದ್ದು ತಪ್ಪಲ್ಲ, ಗಟ್ಟಿಯಾಗಿ ಓದಿದರು. ಸಂಜೆಯೊಳಗೆ ಚಾದಂಗಡಿಗೆ ಗೊತ್ತಾಯಿತು, ಮರುದಿನ ಕೇರಿಗೆ.

ಎರಡು ತಿಂಗಳಾದ ಮೇಲೆ ಕಾಕಾ ಡ್ಯೂಟಿಗೆ ಹಾಜರಾದರು. ಈಗ ಇನ್ನೊಬ್ಬರಿಗೆ ಹತ್ತುವುದಿಲ್ಲ, ಕೆಲಸ ಮಾಡಬಹುದು ಅಂತ ಡಾಕ್ಟರು ಬರೆದುಕೊಟ್ಟಿದ್ದರು. ಆ ಕಾಗದವನ್ನು ಮಾತ್ರ ಯಾರೂ ಗಟ್ಟಿಯಾಗಿ ಓದಲಿಲ್ಲ. ಅವರ ಕಪ್ಪು-ಬಸಿ ಬೇರೆ ಮಾಡಿ ಕಿಟಕಿಯಲ್ಲಿಟ್ಟಿದ್ದರು. ನೀರಿನ ಗಡಿಗಿ ಮುಟ್ಟಬ್ಯಾಡ ಅಂದರು. "ಜಾತಿಗಾಗಿ ಅಲ್ಲಪಾ, ರೋಗಕ್ಕಾಗಿ" ಅಂತ ಸಮಾಧಾನವನ್ನೂ ಹೇಳಿದರು. ಕಾಕಾ ನಮ್ಮ ಮುಂದೆ ಆಡಿದ್ದು ಒಂದೇ ಮಾತು: "ನಮ್ಮಪ್ಪನ ಕಪ್ಪು ಎಲ್ಲಿ ಇಡತಿದ್ರೋ ಅಲ್ಲೇ ನನ್ನದೂ ಇಟ್ಟಾರೋ ತಮ್ಮಾ."

1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಗೆ ಅಂಜಿ ಹೊರಗೆ ಹೋಗಿದ್ದ ಕಪ್ಪು, ಈಗ ಡಾಕ್ಟರ ಸಹಿ ಶಿಕ್ಕಾ ಹಾಕಿಸಿಕೊಂಡು ಒಳಗೆ ಬಂದಿದೆ.

ಇದನ್ನು ಹಾಸ್ಟೆಲ್ಲಿನಲ್ಲಿ ಹೇಳಿದಾಗ ಗೆಳೆಯರೊಬ್ಬರು ಎದ್ದು ನಿಂತು ಕೇಳಿದರು: "ರಜಾ ಬೇಕಂದ್ರ ರೋಗ ಹೇಳಬೇಕಲ್ರೀ? ಇಲ್ಲಾಂದ್ರ ಎಲ್ಲಾರೂ ಸುಳ್ಳು ರಜಾ ಹಾಕ್ತಾರ." ನ್ಯಾಯವಾದ ಪ್ರಶ್ನೆ. ನಾವು ತಿರುಗಿ ಕೇಳಿದೆವು: ಕಚೇರಿಗೆ ಗೊತ್ತಾಗಬೇಕಾದದ್ದು ಏನು? ಎಷ್ಟು ದಿನ ಬರುವುದಿಲ್ಲ. ಬಂದ ಮೇಲೆ ಯಾವ ಕೆಲಸ ಆಗುವುದಿಲ್ಲ. ಇವೆರಡು ಸಾಕು. ಸಂಶಯ ಬಂದರೆ ಇನ್ನೊಬ್ಬ ಡಾಕ್ಟರ ಕಡೆ ಕಳಿಸಲಿ, ಅವರೂ ಹೌದು-ಅಲ್ಲ ಅಂತ ಹೇಳಲಿ. ಟಿಬಿ ಆದವರ ಹೆಸರನ್ನು ಡಾಕ್ಟರು ಸರ್ಕಾರಕ್ಕೆ ತಿಳಿಸಲೇಬೇಕು ಅಂತ 2012ರಿಂದ ಕಡ್ಡಾಯ ಇದೆ, ನಿಜ. ತಿಳಿಸಬೇಕಾದದ್ದು ಆರೋಗ್ಯ ಇಲಾಖೆಗೆ, ಹೆಡ್ ಕ್ಲಾರ್ಕರಿಗಲ್ಲ.

ಗೊಂದಲ ಎಲ್ಲಿದೆ ಅಂತ ಹುಡುಕಿದರೆ ಅದು ಡಾಕ್ಟರುಗಳ ನಿಯಮದ ಪುಸ್ತಕದಲ್ಲೇ ಕುಂತಿದೆ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಡಾಕ್ಟರುಗಳ ನಡತೆಗೆ ನಿಯಮ ಮಾಡಿತು. ರೋಗಿಯ ಗುಟ್ಟನ್ನು ಡಾಕ್ಟರು ಹೊರಗೆ ಬಿಡಬಾರದು. ಕೋರ್ಟು ಕೇಳಿದರೆ, ಇನ್ನೊಬ್ಬರ ಜೀವಕ್ಕೆ ಗಂಡಾಂತರವಿದ್ದರೆ, ಸರ್ಕಾರಕ್ಕೆ ತಿಳಿಸಬೇಕಾದ ರೋಗವಾಗಿದ್ದರೆ ಮಾತ್ರ ಹೇಳಬಹುದು ಅಂತ ಅದರಲ್ಲಿದೆ. ಅದೇ ಪುಸ್ತಕದ ಹಿಂದಿನ ಪುಟದಲ್ಲಿ ರಜಾ ಸರ್ಟಿಫಿಕೇಟಿನ ನಮೂನೆ ಕೊಟ್ಟಿದ್ದಾರೆ. ಇಂಥವರು ಇಂಥ ರೋಗದಿಂದ ನರಳುತ್ತಿದ್ದಾರೆ ಅಂತ ತುಂಬಲು ಅಲ್ಲಿ ಖಾಲಿ ಜಾಗ. ಕೆಳಗೆ ಸೂಚನೆ ಬೇರೆ: ರೋಗ ಎಂಥದು, ಎಷ್ಟು ದಿನದ್ದು ಅಂತ ಬರೆಯಬೇಕು. ಬಾಯಿ ಮುಚ್ಚು ಅನ್ನುವ ಪುಸ್ತಕವೇ ಬರೆದು ಕೊಡು ಅನ್ನುತ್ತದೆ. ಬರೆದ ಕಾಗದ ಯಾರ ಕೈಯಿಂದ ಯಾರ ಕೈಗೆ ಹೋಗಬೇಕು, ಯಾವ ಕಪಾಟಿನಲ್ಲಿ ಇರಬೇಕು ಅನ್ನುವುದರ ಬಗ್ಗೆ ಆ ನಮೂನೆಯಲ್ಲಿ ಒಂದು ಸಾಲೂ ಇಲ್ಲ.

2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಕೂತು, ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಆ ಮೊಕದ್ದಮೆ ಹೂಡಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅದೇ ವರ್ಷ ಎಚ್‌ಐವಿ ಕಾಯ್ದೆಯೂ ಬಂತು, 2018ರ ಸೆಪ್ಟೆಂಬರಿನಿಂದ ಜಾರಿಯಾಯಿತು. ಒಪ್ಪಿಗೆ ಇಲ್ಲದೆ ರಕ್ತ ಪರೀಕ್ಷೆ ಇಲ್ಲ, ಒಪ್ಪಿಗೆ ಇಲ್ಲದೆ ಹೆಸರು ಹೊರಗಿಲ್ಲ, ಆ ಕಾರಣಕ್ಕೆ ನೌಕರಿಯಿಂದ ತೆಗೆಯುವಂತಿಲ್ಲ. ನಮ್ಮ ಸೀಮೆಗೆ ಇದು ದೂರದ ಮಾತಲ್ಲ. ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಅಕ್ಕಂದಿರ ಮಕ್ಕಳು ನಮ್ಮ ಹಾಸ್ಟೆಲ್ಲುಗಳಲ್ಲೇ ಓದುತ್ತಿದ್ದಾರೆ. ಅವರು ನೌಕರಿಗೆ ಹೋದ ಕಡೆ ನಾಲ್ಕು ದಿನ ಜ್ವರ ಬಂದರೆ ಜನ ಏನು ಪಿಸುಗುಟ್ಟುತ್ತಾರೆ ಅಂತ ನಾವು ಹೇಳಬೇಕಿಲ್ಲ. ಕಾಯ್ದೆ ಬರುವುದಕ್ಕೂ ಇಪ್ಪತ್ತು ವರ್ಷ ಮೊದಲು, 1997ರಲ್ಲಿ, ಒಬ್ಬ ದಿನಗೂಲಿ ಕಾರ್ಮಿಕ ಇದೇ ರೋಗದ ಹೆಸರಿನಲ್ಲಿ ಕೆಲಸ ಕಳಕೊಂಡು ಮುಂಬೈ ಹೈಕೋರ್ಟಿಗೆ ಹೋಗಿದ್ದ. ಕೋರ್ಟು ಅವನ ಹೆಸರನ್ನು ಮುಚ್ಚಿಟ್ಟೇ ನ್ಯಾಯ ಹೇಳಿತು. ಮೈಯಲ್ಲಿ ಕೆಲಸದ ಶಕ್ತಿ ಇದ್ದು, ಇನ್ನೊಬ್ಬರಿಗೆ ಅಪಾಯವಿಲ್ಲದಿದ್ದರೆ ರೋಗದ ಹೆಸರು ಹೇಳಿ ಹೊರಗೆ ಹಾಕುವಂತಿಲ್ಲ ಅಂತ. ಹೈಕೋರ್ಟಿಗೆ ಆದದ್ದು ಒಂದು ಕಚೇರಿಗೆ ಯಾಕಾಗುವುದಿಲ್ಲ?

ಇನ್ನು ಸಿಕ್ ಲೀವ್ ಅನ್ನುವುದೇ ಇಲ್ಲದವರ ಮಾತು. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ನಮ್ಮ ಅವ್ವಂದಿರು ಧೂಳು ಕುಡಿದು ಬದುಕಿದವರು. ತಲೆ ತಿರುಗುವುದು, ವಾಂತಿ, ಕೆಮ್ಮು ಅವರಿಗೆ ರೋಗ ಅನ್ನಿಸಲೇ ಇಲ್ಲ, ಕೆಲಸದ ಒಂದು ಭಾಗ ಅನ್ನಿಸಿತ್ತು. 1966ರ ಬೀಡಿ ಕಾಯ್ದೆ 20 ದಿನ ದುಡಿದರೆ ಒಂದು ದಿನ ಪಗಾರಿ ರಜಾ ಅಂತ ಬರೆದಿತ್ತು. ಅದಕ್ಕೆ ಹೆಸರು ಹಾಜರಿ ಪುಸ್ತಕದಲ್ಲಿ ಇರಬೇಕಲ್ಲ! 1980ರ ಆಸುಪಾಸಿನಲ್ಲಿ ಆ ಹೆಣ್ಣುಮಕ್ಕಳೇ ಸಂಘ ಕಟ್ಟಿ ಬೀದಿಗೆ ಬಂದರು. 1982ರಲ್ಲಿ ಯುಗಾಂತರ ಅನ್ನುವ ಹೆಣ್ಣುಮಕ್ಕಳ ತಂಡ ಅದನ್ನು ಸಿನಿಮಾ ಮಾಡಿತು. ಅವರಲ್ಲಿ ಯಾರೂ ನಮ್ಮ ರೋಗ ಗುಟ್ಟಾಗಿಡಿ ಅಂತ ಕೇಳಿರಲಿಕ್ಕಿಲ್ಲ. ಕೆಮ್ಮು ಇಡೀ ವಖಾರಿಗೆ ಕೇಳಿಸುತ್ತಿದ್ದಾಗ ಗುಟ್ಟು ಎಲ್ಲಿಂದ ಬಂತು? ಕಬ್ಬು ಕಡಿಯುವ ಗ್ಯಾಂಗಿನದೂ ಇದೇ ಪಾಡು. ಮಲಗಿದ ದಿನವನ್ನು ಮುಕಾದಮ ಮುಂಗಡದ ಲೆಕ್ಕಕ್ಕೆ ಸೇರಿಸುತ್ತಾನೆ, ಸರ್ಟಿಫಿಕೇಟು ಕೇಳುವುದಿಲ್ಲ. ಹಾಗಂತ ಗುಟ್ಟಿನ ಹಕ್ಕು ಪಗಾರದವರ ಚೈನಿ ಅಂತ ನಾವು ಒಪ್ಪುವುದಿಲ್ಲ. ರಜಾ ಬಂದಾಗ ಗುಟ್ಟೂ ಜತೆಗೇ ಬರಬೇಕು.

1925ರಲ್ಲಿ ನಿಪ್ಪಾಣಿಯ ಪರಿಷತ್ತಿಗೆ ಬಂದು ಹೋಗಿದ್ದ ಬಾಬಾಸಾಹೇಬರು 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಿದ್ದರು. ಅವರ ಕಾಲದಲ್ಲೇ ಬಿ. ಪಿ. ಅಡಾರ್ಕರರು ಕಾರ್ಮಿಕರ ಆರೋಗ್ಯ ವಿಮೆಯ ವರದಿ ಬರೆದುಕೊಟ್ಟದ್ದು, 1944ರಲ್ಲಿ. ಅದರಿಂದ 1948ರ ಇಎಸ್‌ಐ ಕಾಯ್ದೆ ಬಂತು. ಕಾಯಿಲೆಯ ದಿನಗಳ ದುಡ್ಡು ಮಾಲೀಕನ ದಯೆಯಿಂದಲ್ಲ, ವಿಮೆಯಿಂದ ಬರಬೇಕು. ಆ ದಿನಗಳಲ್ಲಿ ಕೆಲಸದಿಂದ ತೆಗೆಯಬಾರದು ಅಂತ ಅದರಲ್ಲಿ ಬರೆದರು. ಇದರ ಒಳಮಾತು ನೋಡಿ. ದುಡ್ಡು ಮಾಲೀಕನ ಕಿಸೆಯಿಂದ ನೇರ ಹೋಗದಿದ್ದರೆ, ನಿನಗೇನಾಗಿದೆ ಅಂತ ಕೇಳುವ ದೊಡ್ಡಸ್ತಿಕೆಯೂ ಅವನಿಗೆ ಉಳಿಯುವುದಿಲ್ಲ.

ಆದರೆ ಒಂದು ಸಂಕಟ ನಿಜವಾಗಿಯೂ ಇದೆ. ರೋಗದಿಂದ ಕೈಕಾಲು, ಕಣ್ಣು, ಮನಸ್ಸು ಊನವಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬೆನ್ನಿಗಿದೆ. 1995ರ ಕಾಯ್ದೆಯಲ್ಲಿ 7 ಬಗೆಯ ಊನ ಇದ್ದವು, ಈಗ 21. ನೌಕರಿಯಲ್ಲಿದ್ದಾಗ ಊನವಾದವರನ್ನು ಸರ್ಕಾರ ತೆಗೆಯುವಂತಿಲ್ಲ. ಅದೇ ಪಗಾರದಲ್ಲಿ ಬೇರೆ ಕೆಲಸ ಕೊಡಬೇಕು. ಹಳೇ ಕಾಯ್ದೆಯ ಕೆಳಗೇ, 2003ರಲ್ಲಿ, ಕಾಲು ಕಳಕೊಂಡ ಕುನಾಲ್ ಸಿಂಗ್ ಎಂಬ ಪೇದೆಗೆ ಸುಪ್ರೀಂ ಕೋರ್ಟು ಇದೇ ನ್ಯಾಯ ಕೊಟ್ಟಿತ್ತು. (ಖಾಸಗಿ ಮಾಲೀಕರಿಗೆ ಈ ಕಲಮು ಹತ್ತುವುದಿಲ್ಲ. ಅದನ್ನು ಇನ್ನೂ ಬಡಿದಾಡಿ ತರಬೇಕು.) ಈ ಹಕ್ಕು ಕೇಳಬೇಕಾದರೆ ಮಾತ್ರ ಸರ್ಟಿಫಿಕೇಟು ತೋರಿಸಲೇಬೇಕು. ತೋರಿಸಿದರೆ ಹಕ್ಕು ಸಿಗುತ್ತದೆ, ಮಾನ ಹೋಗುತ್ತದೆ. ಮುಚ್ಚಿಟ್ಟರೆ ಮಾನ ಉಳಿಯುತ್ತದೆ, ನೌಕರಿ ಹೋಗುತ್ತದೆ.

ಈ ಸಂಕಟವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸ್ಕಾಲರ್‌ಶಿಪ್ಪಿಗೆ ಜಾತಿ ಸರ್ಟಿಫಿಕೇಟು ತೋರಿಸಿ, ಅದೇ ಸಂಜೆ ಬಾಡಿಗೆ ಕೋಣೆಯ ಯಜಮಾನರ ಮುಂದೆ ಅಡ್ಡಹೆಸರು ನುಂಗಿದವರು ನಾವು. ಒಂದು ಟೇಬಲ್ಲಿಗೆ ತೋರಿಸುವುದು ಬೇರೆ, ಊರಿಗೆ ಡಂಗುರ ಹೊಡೆಯುವುದು ಬೇರೆ. ಆ ಟೇಬಲ್ಲಿನ ಆಚೆ ಕೂತವನಿಗೆ ಈ ಭೇದ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನಿಯಮ ಕಲಿಸಬೇಕು.

ಆದಕಾರಣ ನಾವು ಕೇಳುವುದು ಎರಡು ಕಾಗದ. ಒಂದರಲ್ಲಿ ಇಷ್ಟು ದಿನ ರಜಾ ಅವಶ್ಯ, ಆಮೇಲೆ ಇಂಥ ಕೆಲಸ ಕೊಡಬಾರದು ಅಂತಷ್ಟೇ, ಅದು ಕಚೇರಿಗೆ. ರೋಗದ ಹೆಸರಿರುವ ಇನ್ನೊಂದು ದವಾಖಾನೆಯಲ್ಲೇ ಇರಲಿ. ಕಾಯ್ದೆ ಅದನ್ನು ಕೇಳಿದ ಕಡೆ ಮುಚ್ಚಿದ ಲಕೋಟೆಯಲ್ಲಿ ಒಬ್ಬ ಅಧಿಕಾರಿಗೆ ಹೋಗಲಿ, ಆತ ಓದಿ ಮತ್ತೆ ಮುಚ್ಚಲಿ.

ನಿಮ್ಮಲ್ಲಿ ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಕೂತವರಿದ್ದೀರಿ. ನಾಳೆ ಆ ಟೇಬಲ್ಲು ನಿಮ್ಮದಾಗುತ್ತದೆ, ನಾಲ್ಕು ಮಡಿಕೆಯ ಕಾಗದ ನಿಮ್ಮ ಮುಂದೆ ಬಂದು ಬೀಳುತ್ತದೆ. ಅಲ್ಲಿಯವರೆಗೂ ಕಾಯಬೇಕಿಲ್ಲ. ಕಜ್ಜಿ ಆದ ಹುಡುಗನ ಹೆಸರನ್ನು ಹಾಸ್ಟೆಲ್ಲಿನ ನೋಟೀಸ್ ಬೋರ್ಡಿಗೆ ಹಚ್ಚಿದ್ದು ಕಂಡರೆ ಇವತ್ತೇ ಹರಿದು ಹಾಕಿ, ವಾರ್ಡನ್‌ರ ಹತ್ತಿರ ಕಾರಣ ಕೇಳಿ.

ಎರಡು ಕಾಗದದ ನಮೂನೆಯನ್ನು ನಾವು ಬರೆಯುತ್ತಿದ್ದೇವೆ, ಮುಂದಿನ ಸಭೆಗೆ ತರುತ್ತೇವೆ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಇಂಥದ್ದು ನಡೆದಿದ್ದರೆ ಬರೆದುಕೊಂಡು ಬನ್ನಿ, ಹೆಸರು ಹಾಕಬೇಡಿ. ಕಾಕಾ ಕೂಡ ಅದೇ ಷರತ್ತಿನ ಮೇಲೆ ಇದನ್ನು ಬರೆಯಲು ಒಪ್ಪಿದರು.