ಓದಲು ಬಾರದ ಭಾಷೆಯಲ್ಲಿ ಪ್ರಾಣ ಉಳಿಸುವ ಪಾಠ!

ಕನ್ನಡದ ಗೆಳೆಯರೆ, ಒಂದು ಪ್ರಶ್ನೆ. ಹೊಸಕೋಟೆ ರಸ್ತೆಯಲ್ಲಿ ನಿಮ್ಮ ಬೈಕಿನ ಮುಂದೆ ಒಂದು ಟ್ಯಾಂಕರ್ ಹೋಗುತ್ತಿದೆ ಎಂದುಕೊಳ್ಳಿ. ಅದರ ಹಿಂದೆ ಒಂದು ಹಲಗೆ. ಹಲಗೆಯಲ್ಲಿ 3ವೈಇ ಎಂದಿದೆ, ಅದರ ಕೆಳಗೆ 1203. ಪಕ್ಕದಲ್ಲಿ ಜ್ವಾಲೆಯ ಚಿತ್ರವಿರುವ ಕೆಂಪು ಚೌಕ, ಮೂಲೆಯ ಮೇಲೆ ನಿಲ್ಲಿಸಿದ ಹಾಗೆ. ಇದರ ಅರ್ಥ ಏನು?

1203 ಎಂದರೆ ಪೆಟ್ರೋಲು. ವಿಶ್ವಸಂಸ್ಥೆ ಅದಕ್ಕೆ ಕೊಟ್ಟ ನಂಬರ್. ಮೇಲಿನ ಸಾಲಿನ 3 ಎಂದರೆ ಬೆಂಕಿ ಬಿದ್ದರೆ ನೊರೆ ಹಾಕಿ, ನೀರಿನ ಪೈಪು ತಿರುಗಿಸಬೇಡಿ ಎಂದು. ಕೊನೆಯ ಇ ಅಕ್ಷರ, ಸುತ್ತಲಿನ ಜನರನ್ನು ದೂರ ಕಳಿಸುವ ಯೋಚನೆ ಮಾಡಿ ಎನ್ನುತ್ತದೆ. ಇಷ್ಟು ದೊಡ್ಡ ವಿಷಯ ಮೂರು ಅಕ್ಷರದಲ್ಲಿ ಇದೆ. ಆದರೆ ಅದನ್ನು ಓದಬಲ್ಲವರು ಎಷ್ಟು ಮಂದಿ? ಹೊರಗಿನವರ ಮಾತು ಬಿಡಿ, ಆ ಗಾಡಿಯ ಕ್ಲೀನರ್‌ಗೆ ಗೊತ್ತೆ?

ನಾನು ಪಿಯುಸಿಗೆ ಓದು ನಿಲ್ಲಿಸಿ ಪ್ರೆಸ್ಸಿಗೆ ಬಂದವನು. ಇಂಥ ಲೇಬಲ್ಲು, ಸ್ಟಿಕ್ಕರ್ರು ಮುದ್ರಿಸುವುದು ನಮ್ಮ ಹೊಟ್ಟೆಪಾಡು. ಅಷ್ಟೇ ಅಲ್ಲ, ಪ್ರೆಸ್ಸಿನವನು ಬದುಕುವುದೇ ಇಂಥ ಸರಕಿನ ನಡುವೆ. ಬ್ಲಾಂಕೆಟ್ ಒರೆಸುವ ವಾಷ್, ಥಿನ್ನರ್, ಐಪಿಎ, ಒಂದೇ ಕಿಡಿ ಸಾಕು. ಬೇಗ ಬೆಂಕಿ ಹತ್ತುವ ಮುದ್ರಣದ ಇಂಕಿಗೂ ಒಂದು ನಂಬರ್ ಇದೆ, 1210. ಹಾಗಾಗಿ ಈ ವಿಷಯ ನನಗೆ ಬೇರೆಯವರ ಮನೆಯ ಮಾತಲ್ಲ.

ನಿಮಗೂ ಅಲ್ಲ. ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ, ಪೀಣ್ಯದ ಗೋದಾಮುಗಳಲ್ಲಿ ಇವತ್ತು ಕೆಲಸ ಮಾಡುತ್ತಿರುವವರಲ್ಲಿ ನಮ್ಮ ಹುಡುಗರಿದ್ದಾರೆ. ತುಮಕೂರು, ಕೋಲಾರ, ರಾಯಚೂರಿನಿಂದ ಬಂದವರು. ಅವರ ಕೈಯಲ್ಲಿ ಹಾದು ಹೋಗುವ ಡಬ್ಬಗಳಲ್ಲಿ ಪೇಂಟ್ ಇದೆ, ಆಸಿಡ್ ಇದೆ, ಲಿಥಿಯಂ ಬ್ಯಾಟರಿ ಇದೆ. ಕಂಪನಿಯವರನ್ನು ಕೇಳಿದರೆ "ಎಲ್ಲರಿಗೂ ಟ್ರೈನಿಂಗ್ ಕೊಟ್ಟಿದ್ದೇವೆ" ಎಂದು ಫೈಲು ತೆಗೆದು ತೋರಿಸುತ್ತಾರೆ. ಫೈಲಿನಲ್ಲಿ ಸಹಿಗಳಿವೆ, ಫೋಟೋ ಇದೆ. ಆದರೆ ಪಾಠ ಯಾವ ಭಾಷೆಯಲ್ಲಿ ನಡೆಯಿತು ಎಂದು ಕೇಳಿ ನೋಡಿ! ಪರದೆಯ ಮೇಲೆ ಇಂಗ್ಲಿಷು, ಬಾಯಲ್ಲಿ ಹಿಂದಿ. ಕೊನೆಗೆ ಟೀ, ಬಿಸ್ಕತ್ತು, ಸರ್ಟಿಫಿಕೇಟು. ಹುಡುಗ ತಲೆಯಾಡಿಸಿ ಸಹಿ ಹಾಕಿ ಬಂದಿದ್ದಾನೆ. ಇದನ್ನು ಟ್ರೈನಿಂಗ್ ಎನ್ನುವುದೋ, ಮಾಲೀಕನ ಕೊರಳು ಉಳಿಸುವ ಕಾಗದ ಎನ್ನುವುದೋ?

2013ರ ಏಪ್ರಿಲ್ 9ರಂದು ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಏನಾಯಿತು, ನೆನಪಿದೆಯೆ? ಅಡುಗೆ ಅನಿಲದ ಟ್ಯಾಂಕರ್ ಮಗುಚಿತು, ಅನಿಲ ಸೋರಿತು, ಬೆಂಕಿ ಹತ್ತಿತು. ರಸ್ತೆ ಬದಿಯ ಮನೆಗಳಲ್ಲಿದ್ದವರೂ ಸುಟ್ಟುಹೋದರು. ಈ ಅನಿಲ ಗಾಳಿಗಿಂತ ಭಾರ. ಮೇಲಕ್ಕೆ ಹಾರಿ ಹೋಗುವುದಿಲ್ಲ, ನೀರಿನ ಹಾಗೆ ತಗ್ಗಿಗೆ ಹರಿದು ಅಲ್ಲೇ ಕೂರುತ್ತದೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲ ಆಗುತ್ತದೆ. ಸೋರಿದ ತಕ್ಷಣ ಒಲೆ ಆರಿಸಿ, ಗಾಡಿ ಸ್ಟಾರ್ಟ್ ಮಾಡಬೇಡಿ, ತಗ್ಗು ಬಿಟ್ಟು ಗಾಳಿ ಬರುವ ದಿಕ್ಕಿಗೆ ಓಡಿ ಎಂದು ಊರಿನವರಿಗೆ ಯಾರಾದರೂ ಕೂಗಿ ಹೇಳಬೇಕು. ಯಾವ ಭಾಷೆಯಲ್ಲಿ ಕೂಗಬೇಕು? ಪುತ್ತೂರು, ಬಂಟ್ವಾಳದ ಜನಕ್ಕೆ ಕನ್ನಡದಲ್ಲೋ ತುಳುವಿನಲ್ಲೋ ಕೂಗಬೇಕು!

2023ರ ಅಕ್ಟೋಬರ್ 7ರಂದು ಅತ್ತಿಬೆಲೆಯಲ್ಲಿ ಪಟಾಕಿ ಗೋದಾಮು ಹೊತ್ತಿತು. ಲಾರಿಯಿಂದ ಮಾಲು ಇಳಿಸುತ್ತಿದ್ದ ಹೊತ್ತು. ಅಂದೇ 14 ಜನ ಸತ್ತರು, ಆಮೇಲೆ ಸಂಖ್ಯೆ ಇನ್ನೂ ಏರಿತು. ಸತ್ತವರಲ್ಲಿ ಹೆಚ್ಚಿನವರು ಹಬ್ಬದ ಸೀಸನ್ನಿಗೆಂದು ತಮಿಳುನಾಡಿನಿಂದ ಬಂದ ಹುಡುಗರು. ಇಲ್ಲಿ ಒಂದು ಮಾತು ನೇರವಾಗಿ ಹೇಳುತ್ತೇನೆ, ನಮ್ಮವರಲ್ಲೇ ಕೆಲವರಿಗೆ ಹಿಡಿಸದಿರಬಹುದು. ಕನ್ನಡದ ಹುಡುಗನಿಗೆ ಕನ್ನಡದಲ್ಲಿ ಪಾಠ ಬೇಕು ಎನ್ನುವ ನಾವು, ತಮಿಳು ಹುಡುಗನಿಗೆ ತಮಿಳಿನಲ್ಲಿ, ಒಡಿಶಾದವನಿಗೆ ಒಡಿಯಾದಲ್ಲಿ ಹೇಳಿ ಎಂದೂ ಕೇಳಬೇಕು. ಬೆಂಕಿಯ ವಿಷಯದಲ್ಲಿ ಪಂಕ್ತಿಭೇದ ಬೇಡ. ನಮ್ಮ ಜಗಳ ಇರುವುದು ಯಾರ ಭಾಷೆಯೂ ಅಲ್ಲದ ಭಾಷೆಯಲ್ಲಿ ಎಲ್ಲರಿಗೂ ಪಾಠ ಮಾಡಿ ಕೈತೊಳೆದುಕೊಳ್ಳುವವರ ಜೊತೆ.

ಕಾನೂನು ಏನು ಹೇಳುತ್ತದೆ, ಬನ್ನಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದ ಪ್ರಕಾರ ಅಪಾಯಕಾರಿ ಸರಕಿನ ಗಾಡಿ ಓಡಿಸುವವನಿಗೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾರತೀಯ ಭಾಷೆ ಓದಿ ಬರೆಯಲು ಬರಬೇಕು, ಇಂಗ್ಲಿಷೂ ಬರಬೇಕು. ಜೊತೆಗೆ 3 ದಿನದ ಪಾಠ ಮುಗಿಸಿ ಪಾಸಾಗಿರಬೇಕು. ಆ ಪಾಠಪಟ್ಟಿಯನ್ನು ತಿರುವಿ ಹಾಕಿದರೆ ಒಳ್ಳೆಯದೇ ಇದೆ. ರಾತ್ರಿ ಗಾಡಿ ಓಡಿಸುವುದು, ಬ್ರೇಕು ಹಾಕಿದರೆ ಎಷ್ಟು ದೂರಕ್ಕೆ ನಿಲ್ಲುತ್ತದೆ, ನಂಬರು ಓದುವುದು, ಸೋರಿಕೆ ನಿಲ್ಲಿಸುವುದು, ಪ್ರಥಮ ಚಿಕಿತ್ಸೆ, ಬಾವಿ ಹೊಳೆ ಕೆರೆಗಳಿಗೆ ವಿಷ ಸೇರದಂತೆ ಕಾಯುವುದು, ಎಲ್ಲವೂ ಇದೆ. ಮೊದಲು ಈ ಲೈಸೆನ್ಸು ಒಂದು ವರ್ಷಕ್ಕೆ ಸಿಗುತ್ತಿತ್ತು, 2019ರ ತಿದ್ದುಪಡಿಯಲ್ಲಿ ಅದನ್ನು ಮೂರು ವರ್ಷಕ್ಕೆ ಏರಿಸಿದರು. ಮೂರು ವರ್ಷದಲ್ಲಿ ಮನುಷ್ಯ ಎಷ್ಟು ಮರೆಯುತ್ತಾನೆ!

ಮುಖ್ಯವಾದ ಮಾತು ಇನ್ನೊಂದಿದೆ. ಈ ಪಾಠ ಮಾಡುವ ಸಂಸ್ಥೆಗೆ ಮಾನ್ಯತೆ ಕೊಡುವುದು ಯಾರು? ದೆಹಲಿಯಲ್ಲ. ರಾಜ್ಯ ಸರಕಾರ! ಕನ್ನಡದ ಪುಸ್ತಕ ಇಡಿ, ಕನ್ನಡದಲ್ಲಿ ಪರೀಕ್ಷೆ ಮಾಡಿ, ಇಲ್ಲದಿದ್ದರೆ ಮಾನ್ಯತೆ ಇಲ್ಲ ಎನ್ನಲು ವಿಧಾನಸೌಧಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮನಸ್ಸು ಬೇಕು, ಅಷ್ಟೆ.

ಯೂರೋಪಿನಲ್ಲಿ ರಸ್ತೆ ಸಾಗಣೆಗೆ ಎಡಿಆರ್ ಎಂಬ ಒಪ್ಪಂದ ಇದೆ. ಗಾಡಿಯಲ್ಲಿರುವ ಪ್ರತಿಯೊಬ್ಬನೂ ಓದಿ ತಿಳಿಯಬಲ್ಲ ಭಾಷೆಯಲ್ಲೇ ಸೂಚನಾಪತ್ರ ಕೊಡಬೇಕು, ಅದೂ ಗಾಡಿ ಹೊರಡುವ ಮೊದಲು ಎನ್ನುತ್ತದೆ ಅದು. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯೂ ಕೆಲಸಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಆಗದ ತರಬೇತಿ ತರಬೇತಿಯೇ ಅಲ್ಲ ಎಂಬ ನಿಲುವನ್ನು 2010ರಲ್ಲಿ ಬರೆದು ಹೊರಡಿಸಿತು. ನಮ್ಮಲ್ಲೂ 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಮು, ಕಾರ್ಖಾನೆಯ ನೋಟೀಸು ಇಂಗ್ಲಿಷಿನ ಜೊತೆ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಎಂದಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಗೋಡೆಯ ನೋಟೀಸಿಗೆ ಅಷ್ಟು ವರ್ಷ ಇದ್ದ ನ್ಯಾಯ, ಪ್ರಾಣದ ಪಾಠಕ್ಕೆ ಏಕಿಲ್ಲ?

ಈಗ ಯಾವ ಪಾಠ ಯಾರಿಗೆ ಎಂಬ ಮಾತಿಗೆ ಬರೋಣ. ಇದರಲ್ಲೇ ಹೆಚ್ಚು ಮೋಸ ನಡೆಯುವುದು. ಆ 3 ದಿನದ ಪಾಠ ಡ್ರೈವರ್‌ಗೆ, ಗೋದಾಮಿನ ಲೋಡರ್‌ಗೆ ಅಲ್ಲ. ವಿಮಾನದ ಸರಕಿನ ಪಾಠ ಬೇರೆ, 24 ತಿಂಗಳಿಗೊಮ್ಮೆ ಮತ್ತೆ ಮಾಡಬೇಕು. ಹಡಗಿನದು ಇನ್ನೂ ಬೇರೆ. ಪಣಂಬೂರಿನಂಥ ಬಂದರಿಗೆ ಹೋಗುವ ಸರಕನ್ನು ದಡದಲ್ಲಿ ಪ್ಯಾಕ್ ಮಾಡುವವರಿಗೂ ಅದು 2010ರಿಂದ ಕಡ್ಡಾಯ. ಪೀಣ್ಯದ ಗೋದಾಮಿನಲ್ಲಿ ಥಿನ್ನರ್ ಡ್ರಮ್ಮು ಜೋಡಿಸುವವನಿಗೆ ವಿಮಾನದ ಕೋರ್ಸು ಮಾರಿ ದೊಡ್ಡ ಫೀಸು ಕೀಳುವವರಿದ್ದರೆ ಅಂಥವರ ಬಾಗಿಲಿಗೆ ಹೋಗಬೇಡಿ. ಸರ್ಟಿಫಿಕೇಟು ಥಳಥಳ ಎನ್ನುತ್ತದೆ ನಿಜ. ಫಾಯಿಲ್ ಪ್ರಿಂಟ್ ಮಾಡುವುದು ನಾವೇ ಅಲ್ಲವೆ!

ಗೋದಾಮಿನವನಿಗೆ ಮುಖ್ಯವಾಗಿ ಬೇಕಾದದ್ದು ಯಾವುದರ ಪಕ್ಕ ಯಾವುದನ್ನು ಇಡಬಾರದು ಎಂಬ ಪಾಠ. ಹೈಡ್ರೋಕ್ಲೋರಿಕ್ ಆಸಿಡ್ಡಿನ ಕ್ಯಾನು, ಅದರ ಪಕ್ಕ ಹೈಪೋ ಎನ್ನುವ ಬ್ಲೀಚಿನ ಕ್ಯಾನು, ಎರಡೂ ಒಡೆದು ಬೆರೆತರೆ ಕ್ಲೋರಿನ್ ಅನಿಲ. ಕಾರ್ಬೈಡ್ ಇರುವ ಕಡೆ ಬೆಂಕಿಯೆಂದು ನೀರು ಸುರಿದರೆ ಅಸಿಟಿಲೀನ್ ಹುಟ್ಟಿ ಬೆಂಕಿ ಇನ್ನೂ ಕೆರಳುತ್ತದೆ. ನೀರು ಹಾಕಿದರೆ ಬೆಂಕಿ ಆರುತ್ತದೆ ಎಂದು ಅಜ್ಜನ ಕಾಲದಿಂದ ಕಲಿತ ಹುಡುಗನಿಗೆ ಇದನ್ನು ಅವನ ಮಾತಿನಲ್ಲಿ, ಅವನ ಗೋದಾಮಿನ ಡ್ರಮ್ಮು ತೋರಿಸಿ ಹೇಳಬೇಕು. ಬಿಲ್ಲು ಬರೆಯುವ ಗುಮಾಸ್ತನಿಗೆ ಬೇಕಾದ ಪಾಠ ಮತ್ತೊಂದು. ಅವನು ನಂಬರು ತಪ್ಪು ಬರೆದರೆ ಅಗ್ನಿಶಾಮಕ ದಳದವರು ತಪ್ಪು ಸಾಮಾನು ಹಿಡಿದು ಬರುತ್ತಾರೆ.

ಹಾಗಾಗಿ ಟ್ರೈನಿಂಗ್ ಕೊಡುವವರು ಬಂದಾಗ ಹೀಗೆ ಕೇಳಿ. ಪಾಠ ಕನ್ನಡದಲ್ಲಿ ಮಾಡುತ್ತೀರಾ? ಕೈಗೆ ಕೊಡುವ ಹಾಳೆ ಕನ್ನಡದಲ್ಲಿದೆಯೆ? ನಮ್ಮ ಗೋದಾಮಿನಲ್ಲಿ ಇರುವ ಸರಕಿನ ಬಗ್ಗೆ ಹೇಳುತ್ತೀರೋ, ಎಲ್ಲ ಕಡೆ ತೋರಿಸುವ ಅದೇ ಸ್ಲೈಡೋ? ಬೆಂಕಿ ಆರಿಸುವ ಸಿಲಿಂಡರನ್ನು ನಮ್ಮ ಕೈಯಲ್ಲೇ ಬಿಡಿಸುತ್ತೀರಾ? ಪರೀಕ್ಷೆಯಲ್ಲಿ ಫೇಲ್ ಆಗುವವರು ಇದ್ದಾರೆಯೆ? ಯಾರೂ ಫೇಲ್ ಆಗದ ಪರೀಕ್ಷೆ ಪರೀಕ್ಷೆಯಲ್ಲ.

"ಕೆಮಿಕಲ್ಲಿಗೆ ಕನ್ನಡದಲ್ಲಿ ಪದ ಇಲ್ಲ" ಎನ್ನುತ್ತಾರೆ. ಯಾರು ಕೇಳಿದರು ಪದ? ಅಸಿಟೋನ್ ಅಸಿಟೋನೇ ಆಗಿರಲಿ, ನಂಬರು ನಂಬರೇ ಇರಲಿ. ನಮಗೆ ಬೇಕಾದದ್ದು "ನೀರು ಹಾಕಬೇಡಿ", "ಬೇಗ ಬೆಂಕಿ ಹತ್ತುತ್ತದೆ", "ಮೈಗೆ ತಾಗಿದರೆ ಸುಡುತ್ತದೆ". ಇಲ್ಲಿ ನಮ್ಮ ಪಂಡಿತರಿಗೂ ಒಂದು ವಿನಂತಿ. ದಹನಶೀಲ, ಉತ್ಕರ್ಷಣಕಾರಿ ಎಂದು ಬರೆದು ಕೊಟ್ಟರೆ ಹಮಾಲಿಗೆ ಅದು ಇನ್ನೊಂದು ಇಂಗ್ಲಿಷು.

ಮತ್ತೊಂದು ನೆಪ, "ಲೇಬಲ್ಲಿನಲ್ಲಿ ಜಾಗ ಇಲ್ಲ". ಒಬ್ಬ ವ್ಯಾಪಾರಿ ನನ್ನ ಕೌಂಟರಿನಲ್ಲೇ ಈ ಮಾತು ಹೇಳಿದ. ಡ್ರಮ್ಮಿಗೆ ಅಂಟಿಸುವ ಅಷ್ಟಗಲದ ಸ್ಟಿಕ್ಕರ್ರು, ಅದರಲ್ಲಿ ಅರ್ಧ ಭಾಗ ಕಂಪನಿಯ ಲೋಗೋ! ಲೋಗೋ ಒಂದು ಇಂಚು ಇಳಿಸಿದರೆ ಮೂರು ಸಾಲು ಕನ್ನಡ ಆರಾಮಾಗಿ ಕೂರುತ್ತದೆ ಎಂದು ಅಳೆದು ತೋರಿಸಿದೆ, ಒಪ್ಪಲಿಲ್ಲ. ಕರ್ನಾಟಕದಲ್ಲಿ ತಯಾರಾಗಿ ಮಾರಾಟವಾಗುವ ಕೈಗಾರಿಕಾ ಮತ್ತು ಗ್ರಾಹಕ ಸಾಮಾನುಗಳ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಎಂದು ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಆದೇಶ ಹೊರಡಿಸಿದೆ. ಆ ಆದೇಶದ ಪ್ರತಿ ಜೇಬಿನಲ್ಲಿಟ್ಟುಕೊಳ್ಳಿ.

ಗೋದಾಮಿನಲ್ಲಿ, ಟ್ರಾನ್ಸ್‌ಪೋರ್ಟಿನಲ್ಲಿ ಇರುವ ಗೆಳೆಯರು ಈ ವಾರವೇ ಒಂದು ಕೆಲಸ ಮಾಡಬಹುದು. ಪ್ರತಿ ಕೆಮಿಕಲ್ಲಿನ ಜೊತೆ ಸೇಫ್ಟಿ ಡಾಟಾ ಶೀಟ್ ಎಂಬ ಕಾಗದ ಬರುತ್ತದೆ, 16 ಭಾಗ ಇರುತ್ತದೆ. ಎಲ್ಲವನ್ನೂ ಕನ್ನಡ ಮಾಡಿ ಎಂದು ಹಟ ಬೇಡ. 4ನೇ ಭಾಗ ಪ್ರಥಮ ಚಿಕಿತ್ಸೆ, 5 ಬೆಂಕಿ ಆರಿಸುವುದು, 6 ಸೋರಿದರೆ ಏನು ಮಾಡಬೇಕು, 7 ಹೇಗೆ ಎತ್ತಿ ಇಳಿಸಿ ಇಡಬೇಕು. ಈ ನಾಲ್ಕು ಭಾಗ ಕನ್ನಡದಲ್ಲಿ ಬೇಕೆಂದು ಮ್ಯಾನೇಜರಿಗೆ ಬರೆದು ಕೊಡಿ, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಟ್ಯಾಂಕರ್ ಓಡಿಸುವವರು ಕ್ಯಾಬಿನ್ನಿನಲ್ಲಿ ಇಡಬೇಕಾದ ಟ್ರೆಮ್ ಕಾರ್ಡು ತೆಗೆದು ನೋಡಿ, ನಿಮಗೆ ಓದಲು ಬರುತ್ತದೆಯೆ ಎಂದು. ಬಾರದಿದ್ದರೆ ಗಾಡಿ ಹೊರಡುವ ಮೊದಲೇ ಕೇಳಿ. ಸರಕಿನ ಪೂರ್ತಿ ವಿವರವನ್ನು ಬರೆದು ಕೊಡುವುದು ಮಾಲು ಕಳಿಸುವವನ ಹೊಣೆ, ಆ ಡ್ರೈವರ್‌ಗೆ ಸರಿಯಾದ ತರಬೇತಿ ಆಗಿದೆಯೆ ಎಂದು ನೋಡುವುದು ಗಾಡಿ ಮಾಲೀಕನ ಹೊಣೆ. ನಿಯಮದಲ್ಲೇ ಹಾಗಿದೆ.